ದೊರೆಯ ಮೊಂಡು ಕತ್ತಿ

ಕೋಟೆಯ ಅರಮನೆ ನೋಡಲು ಬಂದವರನ್ನು ರಾಚಪ್ಪ ಕೊನೆಯಲ್ಲಿ ಕರೆದು ತರುತ್ತಿದ್ದದ್ದು ಹೂದೋಟದ ಈ ಕಲ್ಲಿನ ಬಳಿಗೇ. ಇಪ್ಪತ್ತು ವರ್ಷದ ಗೈಡ್ ಕೆಲಸದಲ್ಲಿ ಜನ ಬಾಯಿ ಬಿಟ್ಟುಕೊಂಡು ಕೇಳಿದ್ದು ಇಲ್ಲಿನ ಕತೆಯೊಂದನ್ನೇ. ಅದನ್ನು ಹೇಳುವಾಗ ಅವನಿಗೂ ಮೈಮೇಲೆ ಬಂದಂತಾಗುತ್ತಿತ್ತು.

"ದೊರೇನ ಕೇಳ್ದೆ ಒಂದೇ ಒಂದು ಗುಲಾಬಿ ಕಿತ್ರೂ ಸಾಕು, ಮಾಲೀನ ಈ ಕಲ್ಲಿನ ಮೇಲೆ ಮಂಡಿ ಊರಿಸಿ ಕತ್ತು ಕುಯ್ಯೋರು. ರಕ್ತ ಇದೇ ಗಿಡಗಳ ಬುಡಕ್ಕೆ ಹರೀತಿತ್ತು. ಯಾರು ಕೂತ್ಕೋತೀರಿ, ಬನ್ನಿ!"

ಹೊಸದಾಗಿ ಮದುವೆಯಾದ ಹುಡುಗನೊಬ್ಬ ನಗುತ್ತ ಬಂದು ಮಂಡಿಯೂರಿದ. ಹೆಂಡತಿ ಮೊಬೈಲು ಹಿಡಿದಳು.

ರಾಚಪ್ಪ ಪಕ್ಕದ ಮಂಟಪದಲ್ಲಿ ತೂಗುಹಾಕಿದ್ದ ದೊರೆಯ ಕತ್ತಿಯನ್ನು ಇಳಿಸಿಕೊಂಡ. ಹಿಡಿಗೆ ನಿನ್ನೆಯ ಚೆಂಡುಹೂ ಸುತ್ತಿತ್ತು, ಅಲಗಿಗೆ ಕುಂಕುಮ ಮೆತ್ತಿತ್ತು.

"ನಿಜವಾಗ್ಲೂ ಕುಯ್ದುಬಿಟ್ಟೀರ!" ಎಂದಳು ಹೆಂಡತಿ.

"ಇದು ಬೆಣ್ಣೇನೂ ಕುಯ್ಯಲ್ಲಮ್ಮ, ಅಷ್ಟು ಮೊಂಡು. ದಿನಕ್ಕೆ ಹತ್ತು ಕತ್ತು ಕುಯ್ತೀನಿ ನಾನು."

ರಾಚಪ್ಪ ಹುಡುಗನ ಜುಟ್ಟು ಹಿಡಿದು ತಲೆಯನ್ನು ಹಿಂದಕ್ಕೆ ಬಾಗಿಸಿದ. ಜನ ಹೋ ಎಂದು ಕಿರುಚಿದರು. ದಿನಾ ಮಾಡುವ ಹಾಗೆಯೇ ಅಲಗನ್ನು ಗಂಟಲಿಗೆ ಒತ್ತಿ ಒಂದೇ ಸಲಕ್ಕೆ ಎಳೆದ.

"ರೀ, ಶರ್ಟಿಗೆಲ್ಲ ಕುಂಕುಮ ಆಯ್ತು!" ಹೆಂಡತಿ ಮೊಬೈಲಿನೊಳಗೆ ನೋಡುತ್ತಲೇ ನಕ್ಕಳು.

ಬೇಲಿಯಾಚೆ ಬಗ್ಗಿಕೊಂಡು ಗುಲಾಬಿಗೆ ನೀರು ಹಾಯಿಸುತ್ತಿದ್ದ ಮಾಲಿ ಅಲ್ಲಿಂದಲೇ ಕೂಗಿದ: "ರಾಚಪ್ಪಣ್ಣೋ, ಕತ್ತಿ ಮುಟ್ಟುವಾಗ ಹುಷಾರು! ನಿನ್ನೆ ಆಯುಧಪೂಜೆಗೆ ನನ್ನ ಕುಡುಗೋಲಿನ ಜೊತೆ ಅದ್ಕೂ ಸಾಣೆ ಹಿಡ್ಸಿವ್ನಿ."