ಡಿವಿಡೆಂಡ್ ಭಾವನ ಭಾನುವಾರಗಳು

"ಮೀಟಿಂಗಲ್ಲಿ ಕೆಸರಿತ್ತಾ?" ಎಂದು ಹೆಂಡತಿ ಕೇಳಿದಾಗ ಡಿವಿಡೆಂಡ್ ಭಾವ ತನ್ನ ಕಾಲು ನೋಡಿಕೊಂಡ.

ಶೂ ಹೊರಗೇ ಬಿಚ್ಚಿದ್ದ. ಕಾಲುಚೀಲ ಮರೆತಿದ್ದ.

"ದಾರೀಲಿ ಪೈಪ್ ಒಡೆದಿತ್ತು."

"ಗಂಟಲೂ ಕಟ್ಟಿದೆ."

"ಹೂಡಿಕೆದಾರರ ಸಂಘ ಅಂದ್ರೆ ಸುಮ್ನೇನಾ? ಚರ್ಚೆ ಜೋರಾಗಿತ್ತು."

ಹೆಂಡತಿ ಬಿಸಿನೀರು ಕಾಯಿಸಲು ಹೋದಳು. ಇವಳಿಗೆ ವಾಸನೆ ಬಡಿಯಿತೇ ಎಂದು ಅವನು ಕುಂಟುತ್ತ ಹಿಂದೆಯೇ ಹೋಗಿ ಇಣುಕಿದ. ಅವಳು ಒಲೆಯ ಮುಂದೆ ನಿಂತು ನೀರಿಗೆ ಉಪ್ಪು ಹಾಕುತ್ತಿದ್ದಳು.

ಚರ್ಚೆಯೇನೋ ಜೋರಾಗಿಯೇ ನಡೆದಿತ್ತು, ಫುಟ್‌ಬಾಲ್ ಮೈದಾನದಲ್ಲಿ, ಅವನ ಕಣ್ಣಿನ ಬಗ್ಗೆ. ವಾರವಿಡೀ ಕನ್ನಡಕದ ಅಂಗಡಿಯಲ್ಲಿ ಮ್ಯಾನೇಜರ್ ಆಗಿ ಊರಿಗೆಲ್ಲ ದೃಷ್ಟಿ ಸರಿಮಾಡುವವನಿಗೆ, ಭಾನುವಾರ ಎರಡೂ ತಂಡದವರು ಸೇರಿ "ರೆಫರಿ, ಕನ್ನಡಕ ಹಾಕ್ಕೊಳ್ಳಯ್ಯ" ಎನ್ನುತ್ತಿದ್ದರು. ಅವನು ಸೀಟಿ ಊದಿ ಆಟ ಮುಂದುವರಿಸುತ್ತಿದ್ದ.

ಅಡ್ಡಹೆಸರು ಇಟ್ಟವರು ಹೆಂಡತಿಯ ತಮ್ಮಂದಿರು. ಮದುವೆಯ ಹೊಸತರಲ್ಲಿ ಅತ್ತೆ ಒಂದು ಬಣ್ಣದ ಕಂಪನಿಯ ಷೇರುಗಳನ್ನು ಮಗಳ ಹೆಸರಿಗೆ ಮಾಡಿಕೊಟ್ಟಿದ್ದರು. ಷೇರು ಅವಳದು, ಭಾಷಣ ಇವನದು. "ಲಾಭದಲ್ಲಿ ಷೇರುದಾರರಿಗೆ ಹಂಚೋ ಪಾಲೇ ಡಿವಿಡೆಂಡ್. ನಮ್ಮ ಕಂಪನಿ ಒಂದು ವರ್ಷವೂ ತಪ್ಪಿಸಿಲ್ಲ" ಎಂದು ಶುರುಮಾಡಿ, ಯಾವ ವರ್ಷ ಎಷ್ಟು ಕೊಟ್ಟಿತೆಂದು ಮಗ್ಗಿಯಂತೆ ಒಪ್ಪಿಸುತ್ತಿದ್ದ. ಭಾವಮೈದುನರು ಕೈತೊಳೆಯುವ ನೆಪದಲ್ಲಿ ಎದ್ದುಹೋದರೆ ನಲ್ಲಿಯ ತನಕ ಹಿಂಬಾಲಿಸುತ್ತಿದ್ದ.

ವರ್ಷಕ್ಕೊಮ್ಮೆ ಜಂಟಿ ಖಾತೆಯಿಂದ ಆ ಹಣ ತೆಗೆದು, ಲಕೋಟೆಯಲ್ಲಿಟ್ಟು ಹೆಂಡತಿಯ ಕೈಗೆ ಕೊಡುವುದೆಂದರೆ ಅವನಿಗೆ ತನ್ನದೇ ಪಟ್ಟಾಭಿಷೇಕ.

ಎರಡು ವರ್ಷದ ಹಿಂದೆ ಹೆಂಡತಿ, "ಬೆಲೆ ಏರಿದೆಯಂತೆ, ಮಾರಿಬಿಡೋಣ್ವಾ?" ಎಂದಿದ್ದಳು. ಅವನು ಅರ್ಧ ಗಂಟೆ ಬುದ್ಧಿ ಹೇಳಿದ. ನಿಜವಾದ ಹೂಡಿಕೆದಾರ ಬೆಲೆಯ ಕಡೆ ತಿರುಗಿಯೂ ನೋಡುವುದಿಲ್ಲ, ಖಾತೆ ತೆರೆದು ಷೇರು ಎಣಿಸುತ್ತ ಕೂರುವುದಿಲ್ಲ. ಅವನೂ ನೋಡುತ್ತಿರಲಿಲ್ಲ, ಎಣಿಸುತ್ತಿರಲಿಲ್ಲ.

ಮುಂದಿನ ತಿಂಗಳೇ ಪೇಪರಿನಲ್ಲಿ ಬಂತು: ಕಂಪನಿಗೆ ನಷ್ಟ, ಈ ಸಲ ಡಿವಿಡೆಂಡ್ ಇಲ್ಲ.

ಆ ಪೇಪರನ್ನು ಅವನು ಅಂಗಡಿಗೆ ಒಯ್ದು ಗಾಜು ಒರೆಸಿ ಮುಗಿಸಿದ. ನಷ್ಟವನ್ನಾದರೂ ತಡೆದುಕೊಳ್ಳಬಹುದಿತ್ತು, ಭಾವಮೈದುನರ ನಗುವನ್ನಲ್ಲ. ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದ್ದು ನೆನಪಾಯಿತು. ರೆಫರಿಗೆ ಪಂದ್ಯಕ್ಕಿಷ್ಟು ಎಂದು ಕೊಡುತ್ತಾರೆಂಬುದೂ ನೆನಪಾಯಿತು. ಮಂಡಿಗೆ ಮಾತ್ರ ಯಾವ ಹಳೆಯದೂ ನೆನಪಿರಲಿಲ್ಲ.

ಆ ವರ್ಷವೂ ಲಕೋಟೆ ತಪ್ಪಲಿಲ್ಲ. ಮರುವರ್ಷವೂ ಕಂಪನಿಗೆ ನಷ್ಟವೇ, ಲಕೋಟೆ ಮಾತ್ರ ತಪ್ಪಲಿಲ್ಲ.

"ಪಾಪ, ಎಷ್ಟು ಕಷ್ಟಪಟ್ಟು ದುಡಿಯುತ್ತೋ ಕಂಪನಿ" ಎಂದು ಹೆಂಡತಿ ಅದನ್ನು ಕಣ್ಣಿಗೊತ್ತಿಕೊಂಡಳು. ಅದೇ ದುಡ್ಡಿನಲ್ಲಿ ಅವನಿಗೊಂದು ಜೊತೆ ಗಟ್ಟಿ ಶೂ ತಂದಳು. ಮುಗ್ಧೆ, ಎಂದುಕೊಂಡ ಅವನು, ನೋವಿನೆಣ್ಣೆ ತಿಕ್ಕಿಸಿಕೊಳ್ಳುತ್ತ.

ಈ ವರ್ಷ ಅದೃಷ್ಟ ಖುಲಾಯಿಸಿತು. ಕಂಪನಿ ಚೇತರಿಸಿಕೊಂಡಿತ್ತು. ಕೈಯಲ್ಲಿ ನಗದಿಲ್ಲ, ಅದರ ಬದಲು ಒಂದು ಷೇರಿಗೆ ಇನ್ನೊಂದು ಷೇರು ಕೊಡುತ್ತೇವೆ ಎಂದಿತು. ನಗದಿಲ್ಲ! ಅಂದರೆ ಲಕೋಟೆಯಿಲ್ಲ, ಸೀಟಿಯಿಲ್ಲ, ಬೈಗುಳವಿಲ್ಲ. ಅಷ್ಟಾಗಿಯೂ ಮಾನಕ್ಕೆ ಮುಕ್ಕಿಲ್ಲ. ಮರುದಿನ ತಿಂಡಿಗೆ ಕೂತಾಗಲೇ ಅವನು ಪಾಠ ತೆಗೆದ.

"ನೋಡು, ಈ ಬ್ರೆಡ್ಡೇ ಕಂಪನಿ." ಇದ್ದ ನಾಲ್ಕು ಹೋಳನ್ನೂ ನಡುವೆ ಕತ್ತರಿಸಿದ. "ಈಗ ಎಂಟಾಯ್ತು. ಹೋಳು ಜಾಸ್ತಿ, ಬ್ರೆಡ್ ಅಷ್ಟೇ. ಒಂದೊಂದು ಷೇರಿನ ಬೆಲೆ ಅರ್ಧಕ್ಕಿಳಿಯುತ್ತೆ, ನಮ್ಮ ಪಾಲು ಇದ್ದಷ್ಟೇ ಇರುತ್ತೆ. ಇದಕ್ಕೆ ಸ್ಟಾಕ್ ಡಿವಿಡೆಂಡ್ ಅಂತಾರೆ. ಈ ಸಲ ಲಕೋಟೆ ಇರಲ್ಲ."

"ನೂರು ಷೇರಿದ್ದವರಿಗೆ ಇನ್ನೂರಾಗುತ್ತೆ."

"ಸರಿಯಾಗಿ ಹಿಡಿದೆ." ಇಷ್ಟು ವರ್ಷದ ಪಾಠ ಕೊನೆಗೂ ನಾಟಿತೆಂದು ಅವನಿಗೆ ಕಣ್ತುಂಬಿ ಬಂತು.

"ಒಂದೂ ಇಲ್ಲದವರಿಗೆ?"

"ಸೊನ್ನೆಗೆ ಸೊನ್ನೆ. ಅಂಥ ಪೆದ್ದರ ಮಾತು ನಮಗ್ಯಾಕೆ?"

ಹೆಂಡತಿ ಅರ್ಧ ಹೋಳಿಗೆ ನಿಧಾನವಾಗಿ ಬೆಣ್ಣೆ ಸವರಿ ಅವನ ತಟ್ಟೆಗಿಟ್ಟಳು.

"ಹಾಗಾದ್ರೆ ಸೀಟಿ ಊದೋದು ಬಿಡಬೇಡಿ, ರೀ. ನೀವು ಅರ್ಧ ಗಂಟೆ ಬುದ್ಧಿ ಹೇಳಿದ ಮಾರನೇ ದಿನವೇ ಆ ಷೇರನ್ನೆಲ್ಲ ನಾನು ಮಾರಿಬಿಟ್ಟೆ."