ರಬ್ಬಿಯ ಬಾಗಿಲು

ಯಹೂದಿ ಧರ್ಮಕ್ಕೆ ಸೇರಬೇಕೆಂದು ಅವಳು ರಬ್ಬಿಯ ಬಾಗಿಲು ತಟ್ಟಿದ್ದು ಅದು ಮೂರನೇ ಸಲ. ಹಿಂದಿನ ಎರಡು ಸಲದಂತೆ ಈಗಲೂ ಆ ವೃದ್ಧ ಧರ್ಮಗುರು, "ಹುಟ್ಟಿದ ಧರ್ಮದಲ್ಲೇ ಸುಖವಾಗಿರಮ್ಮ, ಇದೆಲ್ಲ ಬೇಡ" ಎಂದು ಬಾಗಿಲು ಹಾಕಿಕೊಂಡರು.

ಅವಳನ್ನು ಮದುವೆಯಾಗಬೇಕಿದ್ದ ಯಹೂದಿ ಹುಡುಗ ಗೇಟಿನ ಹೊರಗೆ ಸ್ಕೂಟರ್ ಚಾಲೂ ಮಾಡಿಕೊಂಡೇ ನಿಂತಿದ್ದ.

"ಸಾಕು ಬಿಡು. ಮೂರು ಸಲ ಬೇಡ ಅಂದ್ಮೇಲೆ ಮುಗೀತು. ನಮ್ಮ ಹಣೇಲಿ ಬರೆದಿಲ್ಲ," ಎಂದ.

ಯಹೂದಿಗಳ ನಿಯಮದಂತೆ ಅಡುಗೆಮನೆಯಲ್ಲಿ ಹಾಲಿಗೊಂದು, ಮಾಂಸಕ್ಕೊಂದು ಪಾತ್ರೆ ಬೇರೆ ಇಟ್ಟಳೆಂದು ಅಪ್ಪ ಮಾತು ಬಿಟ್ಟು ಆರು ತಿಂಗಳಾಗಿತ್ತು. ಆದರೂ ಅವಳು ಹುಡುಗನನ್ನು ದೂರಲಿಲ್ಲ. ಅವನ ಕಣ್ಣಲ್ಲೂ ನೀರಿತ್ತು.

ಮರುದಿನ, ಅವನ ತಾಯಿ ಕೊಟ್ಟಿದ್ದ ಪ್ರಾರ್ಥನೆಯ ಪುಸ್ತಕವನ್ನು ಹಿಂದಿರುಗಿಸಲು ಹೋದಳು.

"ಯಾಕಮ್ಮ ವಾಪಸ್ಸು?"

"ರಬ್ಬಿ ಮೂರು ಸಲಾನೂ ಬೇಡ ಅಂದ್ಬಿಟ್ರು, ಆಂಟಿ."

ಆಕೆ ನಕ್ಕುಬಿಟ್ಟರು. "ಹುಚ್ಚು ಹುಡುಗಿ! ಬಂದೋರ ಮನಸ್ಸು ಗಟ್ಟಿ ಇದ್ಯಾ ಅಂತ ನೋಡೋಕೆ ಮೂರು ಸಲ ಬೇಡ ಅನ್ನೋದು ನಮ್ಮಲ್ಲಿ ಪದ್ಧತಿ. ನಾಲ್ಕನೇ ಸಲ ಹೋಗು, ಅವರೇ ಒಳಗೆ ಕರೀತಾರೆ. ನಾನೂ ಹಾಗೇ ಬಂದವಳು."

ಅವಳಿಗೆ ಹೋದ ಜೀವ ಬಂದಂತಾಯಿತು. "ಪಾಪ, ನಿಮ್ಮ ಮಗನಿಗೂ ಇದು ಗೊತ್ತಿಲ್ಲ ಆಂಟಿ. ನಿನ್ನೆ ಅತ್ತೇಬಿಟ್ಟ."

"ಅವನಿಗೆ ಗೊತ್ತಿಲ್ವಾ? ಚಿಕ್ಕವನಿದ್ದಾಗ ನನ್ನ ಈ ನಾಲ್ಕು ಸಲದ ಕಥೆ ಕೇಳದೆ ತುತ್ತು ಬಾಯಿಗಿಡ್ತಿರ್ಲಿಲ್ಲ!"