ತೂಕದ ಟೋಲು

ಪ್ರತಿ ಟೋಲ್ ಗೇಟಿನಲ್ಲೂ ಕಾರು ಯಾರ ಹೆಸರಿನಲ್ಲಿದೆಯೋ ಅವನ ಮೈಯಿಂದ ಅರ್ಧ ಕಿಲೋ ಇಳಿಯುತ್ತಿತ್ತು, ಅವನು ಎಲ್ಲೇ ಕೂತಿರಲಿ. ಹಾಗಾಗಿ ಹುಬ್ಬಳ್ಳಿಯ ಚನ್ನವೀರಪ್ಪ, ನೂರಾಹತ್ತು ಕಿಲೋದ ಆಸಾಮಿ, ಕಾರನ್ನು ದಸ್ತಗೀರನಿಗೆ ಮಾರಿದ ಮೇಲೂ ಹೆಸರು ಬದಲಿಸುವ ಅರ್ಜಿಗೆ ಸಹಿ ಹಾಕಿರಲಿಲ್ಲ.

"ಗಾಡಿ ಓಡಸಾಂವ ನಾ, ಸಣ್ಣ ಆಗಾವ್ರು ನೀವು!" ಎಂದು ಡೊಳ್ಳುಹೊಟ್ಟೆಯ ದಸ್ತಗೀರ ಗೊಣಗಿದಾಗಲೆಲ್ಲ, "ಅಮಾಸಿ ಕಳೀಲಿ ತಡಿಯೋ" ಎಂದು ಚನ್ನವೀರಪ್ಪ ಮಿರ್ಚಿ ಬಜ್ಜಿ ಕಡಿಯುತ್ತಿದ್ದ.

ಆರು ಅಮಾವಾಸ್ಯೆ ಕಳೆದವು. ಇಂದು ಬೆಳಿಗ್ಗೆ ತೂಕದ ಯಂತ್ರ ನಲವತ್ತೆಂಟು ತೋರಿಸಿತು. ಜಾರುವ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದು ಚನ್ನವೀರಪ್ಪ ಫೋನ್ ಮಾಡಿದ.

"ಲಗೂನ ಬಾರೋ, ಸಹಿ ಹಾಕ್ತೀನಿ!"

"ಗಾಡಿ ಬಾಡಿಗಿ ಕೊಟ್ಟೀನ್ರೀ ಅಣ್ಣಾರ. ಈಗ ಮುಂಬೈ ಹಾದ್ಯಾಗ ಐತಿ, ಅರ್ಜಿನೂ ಅದರಾಗ ಐತಿ."

"ಇನ್ನ ಎಷ್ಟ್ ಗೇಟ್ ಅದಾವೋ?"

"ಹೋಗೂದು ಹನ್ನೆರಡು, ಬರೂದು ಹನ್ನೆರಡು," ಎಂದ ದಸ್ತಗೀರ. "ನೀವು ಮದ್ಲ ಊಟಕ್ಕ ಕುಂದರ್ರಿ."